ಪಾಷಾಣಕ್ಕಿಂತ ಸಿಮೆಂಟು ಮೇಲು

ಇಲಿ ಕಾಟ ಎಂದೊಡನೆ ಬೋನು, ಪಾಷಾಣ ತರಲು ಓಡುವವರು ಮೊದಲು ಬಾಗಿಲ ಕೆಳಗಿನ ಸಂದು ನೋಡಬೇಕು. ಸುಂಡಿಲಿಗೆ ಸುಮಾರು 6 ಮಿಲಿಮೀಟರ್, ಅಂದರೆ ಪೆನ್ಸಿಲ್ ತೂರುವಷ್ಟು ಜಾಗ ಸಾಕು. ಬಸಿರಾದ 3 ವಾರಕ್ಕೆ ಮರಿ ಹಾಕುವ ಪ್ರಾಣಿಯನ್ನು ಒಂದೊಂದಾಗಿ ಕೊಂದು ಮುಗಿಸುವುದು ಆಗದ ಮಾತು. ದಾರಿ ತೆರೆದಿದ್ದರೆ ಹೊರಗಿನವು ಬರುತ್ತಲೇ ಇರುತ್ತವೆ. ಪಾಷಾಣ ತಿಂದದ್ದು ಅಟ್ಟದ ಮೇಲೆಲ್ಲೋ ಸತ್ತು ನಾರುವುದು ಬೇರೆ. ಬೆಕ್ಕಿದೆಯಲ್ಲ ಎನ್ನಬಹುದು. ಹಾಲು ಕುಡಿದು ಮಲಗುವ ಬೆಕ್ಕಿನ ಮೇಲೆ ನನಗಂತೂ ಭರವಸೆಯಿಲ್ಲ; ಬೇಟೆ ಬಲ್ಲ ಬೆಕ್ಕೂ ಗೋಡೆಯ ಬಿಲದೊಳಗೆ ನುಗ್ಗಲಾರದು. ಹಂಚಿನ ಮನೆಯಲ್ಲಿ ಎಲ್ಲ ಸಂದು ಮುಚ್ಚಲಾಗದು ಎಂಬುದು ಮಾತ್ರ ನಿಜ. ಅಲ್ಲಿ ಅಕ್ಕಿ, ಬೇಳೆಯಾದರೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಸೇರಲಿ, ಬಚ್ಚಲ ಮೋರಿಗೆ ಕಬ್ಬಿಣದ ಜಾಲರಿ ಬೀಳಲಿ. ಪೈಪು ಗೋಡೆ ಹೊಕ್ಕ ಕಡೆ ಬಟ್ಟೆ ತುರುಕಿದರೆ ಕಡಿದುಹಾಕುತ್ತವೆ; ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಒತ್ತಿ ತುಂಬಿ, ಮೇಲೆ ಸಿಮೆಂಟು ಮೆತ್ತಬೇಕು.