ಅವ್ವನ ಕೋಣೆ ಎಷ್ಟು ಡಿಗ್ರಿ?

ತಂಗಿಯ ಬಾಣಂತನಕ್ಕೆಂದು ಅವ್ವ ಕಳೆದ ನವೆಂಬರ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದಳು. ಎರಡು ವಾರ ಫೋನಿನಲ್ಲಿ ಒಂದೇ ಮಾತು: "ಚೆನ್ನಾಗಿವ್ನಿ ಕಣ್ಲಾ." ವಿಡಿಯೊ ಕಾಲಿನಲ್ಲಿ ನೋಡಿದರೆ ಸ್ವೆಟರ್ ಮೇಲೆ ಸ್ವೆಟರ್, ತಲೆಗೆ ಮಫ್ಲರ್. ವರದಿಗಾರನ ಅಭ್ಯಾಸ, ಬಿಡದೆ ಒಂದೊಂದಾಗಿ ಕೇಳಿದೆ.

ಅಲ್ಲಿನ ಮನೆಗಳಲ್ಲಿ ಕಿಟಕಿಯ ಕೆಳಗೆ ರೇಡಿಯೇಟರ್ ಇರುತ್ತದೆ. ಬಾಯ್ಲರ್‌ನ ಬಿಸಿನೀರು ಪೈಪಿನಲ್ಲಿ ಬಂದು ಅದರೊಳಗೆ ಹರಿದು ಕೋಣೆ ಕಾಯಿಸುತ್ತದೆ. ಅದರ ತುದಿಗಿರುವ ಥರ್ಮೋಸ್ಟಾಟ್ ನಮ್ಮ ನಾಲೆಯ ನೀರಗಂಟಿ ಇದ್ದ ಹಾಗೆ. ಕೋಣೆ ತಣ್ಣಗಾದರೆ ನೀರು ಬಿಡುತ್ತದೆ, ಹೇಳಿದಷ್ಟು ಬೆಚ್ಚಗಾದರೆ ನಿಲ್ಲಿಸುತ್ತದೆ. ಸ್ಮಾರ್ಟ್ ಥರ್ಮೋಸ್ಟಾಟ್ ಆದರೆ ಯಾವ ಕೋಣೆಗೆ ಯಾವ ಹೊತ್ತಿನಲ್ಲಿ ಎಷ್ಟು ಡಿಗ್ರಿ ಎಂದು ಮೊಬೈಲಿನಲ್ಲೇ ಬರೆದಿಡಬಹುದು.

ಮಗು ಮಲಗುವ ಕೋಣೆ ಬಿಟ್ಟು ಉಳಿದ ಕಡೆ ತಂಗಿ ಬರೆದಿಟ್ಟಿದ್ದು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 16 ಡಿಗ್ರಿ, ಆಮೇಲೆ 20. ಅವ್ವ ಏಳುವುದು 4ಕ್ಕೆ. ಎದ್ದವಳೇ ಕಿಟಕಿ ತೆರೆಯುತ್ತಾಳೆ. ತಣ್ಣನೆ ಗಾಳಿ ನುಗ್ಗಿದ್ದು ತಿಳಿದು ಯಂತ್ರ ಸ್ವಲ್ಪ ಹೊತ್ತು ನೀರು ನಿಲ್ಲಿಸಿಬಿಡುತ್ತದೆ. ಮಗುವಿನ ಬಟ್ಟೆಯನ್ನು ರೇಡಿಯೇಟರ್ ಮೇಲೆ ಒಣಹಾಕುತ್ತಾಳೆ. ಬಟ್ಟೆಯಡಿ ಸಿಕ್ಕ ಥರ್ಮೋಸ್ಟಾಟ್, ಕೋಣೆಯೆಲ್ಲ ಬೆಚ್ಚಗಿದೆ ಎಂದುಕೊಳ್ಳುತ್ತದೆ. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ನೋಡಿದಳಂತೆ. ಹಾಗೆ ಮಾಡಿದರೆ ಕೋಣೆ ಬೇಗ ಕಾಯುವುದಿಲ್ಲ. ಆ ಅಂಕಿ ಎಲ್ಲಿಗೆ ನಿಲ್ಲಿಸಬೇಕು ಎಂದಷ್ಟೇ ಹೇಳುತ್ತದೆ. ಬರೆದಿಟ್ಟ ಮುಂದಿನ ಹೊತ್ತು ಬಂದಾಗ ಯಂತ್ರ ಮತ್ತೆ ತನ್ನ ಲೆಕ್ಕಕ್ಕೇ ಮರಳುತ್ತದೆ.

"ತಂಗಿಗೆ ಯಾಕವ್ವ ಹೇಳ್ಲಿಲ್ಲ?" ಅಂದೆ.

"ಅವಳ ಬಿಲ್ಲು ಏರ್ತದೆ ಅಂತ ಸುಮ್ಕಿದ್ದೆ."

ಒಂದು ಡಿಗ್ರಿ ಏರಿಸಿದರೆ ಮನೆ ಕಾಯಿಸುವ ಖರ್ಚು ಸುಮಾರು ಶೇ 6 ಹೆಚ್ಚುತ್ತದೆ ಎಂಬುದು ಅಲ್ಲಿನವರ ರೂಢಿಯ ಲೆಕ್ಕ. ಒಂದೇ ಕೋಣೆಗೆ, ಬೆಳಗಿನ ಮೂರು ಗಂಟೆ ಹೊತ್ತಿಗೆ ಅದು ದೊಡ್ಡ ಹೊರೆಯಲ್ಲ. ಚಳಿಗಾಲದಲ್ಲಿ ಮನೆಯೊಳಗೆ 18 ಡಿಗ್ರಿಯಾದರೂ ಇರಲಿ, ವಯಸ್ಸಾದವರಿಗೆ ಇನ್ನೂ ಹೆಚ್ಚು ಬೇಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ.

ವಿಷಯ ತಿಳಿದ ತಂಗಿ ಕಣ್ಣೀರು ಹಾಕಿದಳು. ಅವತ್ತೇ ರಾತ್ರಿ ಅವ್ವನ ಕೋಣೆಗೆ ಬೇರೆ ವೇಳೆ ಬರೆದಳು: ರಾತ್ರಿಯಿಡೀ 18, ಬೆಳಗಿನ 3ರಿಂದ 21. ಬಟ್ಟೆ ಒಣಹಾಕಲು ಸ್ಟ್ಯಾಂಡ್ ತಂದಳು. ಗಾಳಿ ಬೇಕಾದಾಗ ಐದು ನಿಮಿಷ ಕಿಟಕಿಯನ್ನು ಪೂರ್ತಿ ತೆರೆದು ಮುಚ್ಚಿಬಿಡುವುದನ್ನು ಅವ್ವ ಕಲಿತಳು.

ಯಂತ್ರಕ್ಕೆ ಗೊತ್ತಿರುವುದು ಬರೆದಿಟ್ಟ ಹೊತ್ತು ಮಾತ್ರ. ಮನೆಗೆ ಯಾರು ಬಂದಿದ್ದಾರೆ, ಎಷ್ಟು ಹೊತ್ತಿಗೆ ಏಳುತ್ತಾರೆ ಎಂಬುದನ್ನು ನಾವೇ ಹೇಳಬೇಕು. ನಿಮ್ಮೂರಿಂದಲೂ ಯಾರಾದರೂ ತಾಯಿ ಮಗಳ ಬಾಣಂತನಕ್ಕೆ ಚಳಿ ದೇಶಕ್ಕೆ ಹೋಗಿದ್ದರೆ, ಫೋನಿನಲ್ಲಿ "ಊಟ ಆಯ್ತಾ?" ಅಂದಮೇಲೆ "ನಿಮ್ಮ ಕೋಣೆ ಎಷ್ಟು ಡಿಗ್ರಿ ಇದೆ?" ಎಂದೂ ಕೇಳಿ.