ಬಿದ್ದ ಮರದ ಬಲ

ಏಪ್ರಿಲ್, ಮೇ ತಿಂಗಳುಗಳಲ್ಲಿ ಸಂಜೆಯ ಗಾಳಿಮಳೆಗೆ ನಮ್ಮ ಜೆ.ಪಿ. ನಗರದಲ್ಲಿ ಮರಗಳುರುಳುವುದು ವಾಡಿಕೆ. ಅವುಗಳಲ್ಲಿ ಗುಲ್‌ಮೊಹರ್ ಇದ್ದೇ ಇರುತ್ತದೆ. ಮಡಗಾಸ್ಕರ್ ದ್ವೀಪದಿಂದ ಬಂದ ಈ ಮರದ ಬೇರು ಆಳಕ್ಕಿಳಿಯದು. ಇದ್ದ ಬೇರನ್ನೂ ಚರಂಡಿ ಅಗೆಯುವವರು ಕಡಿದಿರುತ್ತಾರೆ. ಮರುದಿನ ಬೆಳಗಾದೊಡನೆ ಚೈನ್ ಸಾ ಯಂತ್ರದ ಗದ್ದಲ. ಹಿಂದೆ ಇಬ್ಬರು ಗರಗಸ ಹಿಡಿದು ಅರ್ಧ ದಿನ ಎಳೆಯುತ್ತಿದ್ದ ಕಾಂಡವನ್ನು ಈಗ ಒಬ್ಬನೇ ಹುಡುಗ ನಿಮಿಷಗಳಲ್ಲಿ ತುಂಡರಿಸುತ್ತಾನೆ. ನಾನು ನೋಡುವುದು ಆತನ ಕಾಲನ್ನು. ಬಹುಪಾಲು ಹವಾಯಿ ಚಪ್ಪಲಿ.

ನಿಮ್ಮಲ್ಲಿ ಕೆಲವರು ಊರಿನ ತೋಟಗಳಿಗೆ ಮರಳಿ ಈ ಯಂತ್ರವನ್ನು ಕೊಂಡಿದ್ದೀರಿ. ಆದುದರಿಂದ ವಿಜ್ಞಾನದ ಮೇಷ್ಟರ ಹಳೆಯ ಚಾಳಿಯಂತೆ ನಾಲ್ಕು ಮಾತು.

ಪಟ್ಟಿಯ ಸುತ್ತ ಹಲ್ಲಿನ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. (ಇಂದಿನ ಸರಪಳಿಯ ಹಲ್ಲಿನ ವಿನ್ಯಾಸ ಅಮೆರಿಕದ ಜೋ ಕಾಕ್ಸ್ ಎಂಬಾತನಿಗೆ 1946ರಲ್ಲಿ ಹೊಳೆದದ್ದು, ಮರ ಕೊರೆಯುವ ಹುಳುವೊಂದರ ದವಡೆಯನ್ನು ನೋಡಿ!) ಪಟ್ಟಿಯ ತುದಿಯ ಮೇಲ್ಭಾಗದಲ್ಲಿ ಸರಪಳಿ ಮುಂದಕ್ಕೂ ಕೆಳಕ್ಕೂ ಚಲಿಸುತ್ತದೆ. ಆ ಭಾಗ ಯಾವುದಾದರೂ ರೆಂಬೆಗೆ ತಗುಲಿ ಸರಪಳಿ ತಡೆದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಯಂತ್ರವೇ ಮೇಲಕ್ಕೂ ಹಿಂದಕ್ಕೂ ಚಿಮ್ಮುತ್ತದೆ. ಎದುರಿಗಿರುವುದು ನಿಮ್ಮ ಮುಖ, ಕೊರಳು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಸಿಗದು. ಆದುದರಿಂದ ಎರಡೂ ಕೈಗಳಲ್ಲಿ ಹಿಡಿಯಿರಿ. ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತಿಕೊಂಡಿರಲಿ. ಪಟ್ಟಿಯ ನೇರಕ್ಕೆ ನಿಲ್ಲದೆ ತುಸು ಎಡಕ್ಕೆ ನಿಲ್ಲಿರಿ. ಹೆಗಲಿಗಿಂತ ಮೇಲೆ ಎತ್ತಬೇಡಿ, ಏಣಿಯ ಮೇಲಂತೂ ಬೇಡವೇ ಬೇಡ. ಕೈಯ ಮುಂದಿನ ತಡೆಗುರಾಣಿಯೇ ಸರಪಳಿಯ ಬ್ರೇಕ್. ಶುರು ಮಾಡುವ ಮುನ್ನ ಅದನ್ನು ಪರೀಕ್ಷಿಸಿ. ಕನ್ನಡಕ, ಕಿವಿಗೆ ರಕ್ಷಣೆ, ಗಟ್ಟಿ ಬೂಟು ಬೇಕು. ಇದಕ್ಕೆಂದೇ ಬರುವ ಪ್ಯಾಂಟಿನೊಳಗೆ ಉದ್ದನೆಯ ನಾರಿನ ಪದರಗಳಿರುತ್ತವೆ; ಸರಪಳಿ ತಾಗಿದರೆ ಆ ನಾರು ಎಳೆದುಕೊಂಡು ಹೋಗಿ ಚಕ್ರಕ್ಕೆ ಸುತ್ತಿ ಅದನ್ನು ನಿಲ್ಲಿಸುತ್ತದೆ. ದುಬಾರಿಯೆನ್ನುತ್ತಾರೆ. ತೊಡೆಗಿಂತ ದುಬಾರಿಯೆ?

ವಿದ್ಯುತ್ ತಂತಿಯ ಮೇಲೆ ಬಿದ್ದಿದ್ದರೆ ಬೆಸ್ಕಾಂನವರು ಬಂದು ಸಂಪರ್ಕ ಕಡಿಯುವವರೆಗೆ ಹತ್ತಿರ ಸುಳಿಯಬಾರದು. ನಿಂತ ಮರವಾದರೆ ಸ್ವಂತ ಅಂಗಳದ್ದೇ ಆದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಗಳ ಅನುಮತಿ ಬೇಕು.

ಬಿದ್ದ ಮರ ಸತ್ತಂತೆ ಕಂಡರೂ ಅದರೊಳಗೆ ಬಾಗಿಸಿದ ಬಿಲ್ಲಿನ ಬಲವಿರುತ್ತದೆ. ಒಂದೇ ಕಡೆ ಆಸರೆಯಿದ್ದು ಇನ್ನೊಂದು ತುದಿ ತೂಗುತ್ತಿರುವ ಕೊಂಬೆಯನ್ನು ಮೊದಲು ಕೆಳಗಿನಿಂದ ಮೂರನೆಯ ಒಂದು ಪಾಲಿನಷ್ಟು ಕೊಯ್ದು, ಅನಂತರ ಮೇಲಿನಿಂದ ಕೊಯ್ಯಬೇಕು. ಎರಡೂ ಕಡೆ ಆಸರೆಯಿದ್ದರೆ ಮೊದಲು ಮೇಲಿನಿಂದ. ಕ್ರಮ ತಪ್ಪಿದರೆ ಪಟ್ಟಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಕೊಂಬೆ ಸೀಳಿ ಸಿಡಿಯುತ್ತದೆ.

ಬುಡದ ವಿಷಯ ಇನ್ನೂ ಸೂಕ್ಷ್ಮ. ಕಳೆದ ಮೇ ತಿಂಗಳಲ್ಲಿ ನಮ್ಮ ಬೀದಿಯ ಗುಲ್‌ಮೊಹರ್ ಬೇರು ಸಮೇತ ಬಿದ್ದಾಗ, ಬೇರೆದ್ದ ಹಳ್ಳದಲ್ಲಿ ಇಬ್ಬರು ಮಕ್ಕಳು ಕತ್ತಿಕಾಯಿಗಳನ್ನು ಗುಡ್ಡೆ ಹಾಕಿಕೊಂಡು ಆಡುತ್ತಿದ್ದರು. ಯಂತ್ರದವನು ಆಚೆ ಬದಿಯಲ್ಲಿ ಕಾಂಡಕ್ಕೆ ಪಟ್ಟಿ ಇಟ್ಟಿದ್ದ. ಅವನಿಗೆ ಅವರು ಕಾಣುವಂತಿರಲಿಲ್ಲ. "ಏಯ್, ಮೇಲೆ ಬನ್ರೋ!" ಎಂದು ತರಗತಿಯ ದನಿಯಲ್ಲಿ ಕೂಗಿದೆ. ಗದ್ದಲದಲ್ಲಿ ಕೇಳಿಸದೆ, ಹೋಗಿ ಅವರ ರಟ್ಟೆ ಹಿಡಿದೇ ಎಳೆದೆ. ಅವನು ಯಂತ್ರ ನಿಲ್ಲಿಸಿ, "ಯಾಕ್ ಸಾರ್?" ಎಂದ.

"ಕಾಂಡದ ಭಾರ ಹೋದರೆ ಬುಡ ಎದ್ದು ಕೂರುತ್ತದಪ್ಪಾ."

ಅವನು ಹಳ್ಳವನ್ನೂ ಮಕ್ಕಳನ್ನೂ ನೋಡಿ, ಎಲ್ಲರನ್ನೂ ಆಚೆ ಬದಿಯ ಕಾಂಪೌಂಡಿನವರೆಗೆ ಕಳಿಸಿ, ಮತ್ತೆ ಶುರು ಮಾಡಿದ. ಕಾಂಡ ಬೇರ್ಪಟ್ಟ ಕ್ಷಣವೇ ಬುಡ ಮಣ್ಣುಸಮೇತ ಎದ್ದು, ಧಡ್ಡೆಂದು ಹಳ್ಳದಲ್ಲಿ ಕುಳಿತುಕೊಂಡಿತು. ಮಕ್ಕಳ ಕತ್ತಿಕಾಯಿಗಳು ಅದರಡಿಯಲ್ಲೇ ಉಳಿದವು.