ಮಿತಿಯಿಲ್ಲದ ಮಾತು

ಟ್ರಂಕ್ ಕಾಲಿನ ಕಾಲವನ್ನು ಕಂಡವರಿಗೆ ಮೂರು ನಿಮಿಷವೆಂದರೆ ಎಷ್ಟೆಂಬುದನ್ನು ಹೇಳಿಕೊಡಬೇಕಾಗಿಲ್ಲ. ನನ್ನ ತಾಯಿ ಆ ಕಾಲದವಳು. ಶಿವಮೊಗ್ಗೆಯ ಅಂಚೆ ಕಚೇರಿಯಲ್ಲಿ ಗಂಟೆಗಟ್ಟಲೆ ಕಾದು, ಹೆರಿಗೆ, ಮದುವೆ, ಮರಣ ಎಲ್ಲವನ್ನೂ ಮೂರು ನಿಮಿಷಗಳಲ್ಲಿ ಕೂಗಿ ಹೇಳಿ ಮುಗಿಸಿದವಳು. ಅಂಥವಳು ನನ್ನೆದುರು ಎರಡು ವರ್ಷ ಲೆಕ್ಕವಿಲ್ಲದೆ ಕುಳಿತಿದ್ದಳು. ಆ ಭಾಗ್ಯವನ್ನು ನಾನು ಹೇಗೆ ಕಳೆದುಕೊಂಡೆನೆಂಬುದೇ ಈ ಬರಹ.

2011ರ ಮೊದಲಲ್ಲಿ ನಾನು ಕ್ಯಾಲಿಫೋರ್ನಿಯಾದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಾತ್ರಿಯ ಪಾಳಿಗೆ ಸೇರಿದೆ. ಕೊಂಡ ಫೋನಿನೊಡನೆ ತಿಂಗಳಿಗೆ 30 ಡಾಲರಿಗೆ ಮಿತಿಯಿಲ್ಲದ ಡೇಟಾ ದೊರೆಯಿತು. ನಡುರಾತ್ರಿ ಒಂದು ಗಂಟೆಗೆ ನನಗೆ ಬಿಡುವು. ಆಗ ಶಿವಮೊಗ್ಗೆಯಲ್ಲಿ ಮಧ್ಯಾಹ್ನ. ಬೆಳಿಗ್ಗೆ ನಾನು ಮನೆ ಸೇರುವ ಹೊತ್ತಿಗೆ ಅಲ್ಲಿ ದೀಪವಾರಿಸುವ ಸಮಯ. ಆದುದರಿಂದ ಕಾರಿನಲ್ಲಿ ಕುಳಿತೇ ಸ್ಕೈಪಿನಲ್ಲಿ ಕರೆಯುವೆನು. ತಮ್ಮನ ಹೆಂಡತಿ ಲ್ಯಾಪ್‌ಟಾಪನ್ನು ನಡುಮನೆಯ ಮೇಜಿನ ಮೇಲಿಟ್ಟು ಹೋಗುವಳು. ಮೊದಮೊದಲು ಅಮ್ಮ ಕ್ಷೇಮಸಮಾಚಾರ ಮುಗಿಯುತ್ತಲೇ, "ದುಡ್ಡು ಓಡ್ತದೆ, ಇಡು ಪುಟ್ಟೀ" ಎನ್ನುತ್ತಿದ್ದಳು. "ಇದಕ್ಕೆ ಲೆಕ್ಕವಿಲ್ಲಮ್ಮ" ಎಂದು ಒಪ್ಪಿಸುವುದಕ್ಕೆ ಒಂದು ತಿಂಗಳು ಹಿಡಿಯಿತು.

ಅನಂತರ ಅವಳು ಅವರೆಕಾಯಿ ಬಿಡಿಸುತ್ತ ಕುಳಿತಿರುವಳು. ನಾನು ಊಟದ ಡಬ್ಬಿ ಬಿಚ್ಚುವೆನು. ಎಷ್ಟೋ ಹೊತ್ತು ಇಬ್ಬರಲ್ಲೂ ಮಾತಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗಿದುದು ನನಗೆ ಕೇಳಿಸುವುದು. ಹಾಗೆ ಸುಮ್ಮನಿದ್ದಾಗಲೇ ಒಂದು ದಿನ, ಕಾಳಿನಿಂದ ಕಣ್ಣೆತ್ತದೆ, "ನಿಮ್ಮಪ್ಪ ಹೋದ ಮೇಲೆ ರಾತ್ರಿ ನಿದ್ದೆ ಬರೋದಿಲ್ಲ ಕಣೇ" ಎಂದಳು. ಅಂಥ ಮಾತು ಮೂರು ನಿಮಿಷದೊಳಗೆ ಬರತಕ್ಕದ್ದಲ್ಲ.

ಅಷ್ಟರಲ್ಲಿ ಅಮೆರಿಕದಲ್ಲಿ ಗಾಳಿ ಬದಲಾಗಿತ್ತು. 2010ರ ಜೂನಿನಲ್ಲಿ ಒಂದು ದೊಡ್ಡ ಕಂಪನಿ, 2011ರ ಜುಲೈಯಲ್ಲಿ ಮತ್ತೊಂದು, ಹೊಸ ಗಿರಾಕಿಗಳಿಗೆ ಮಿತಿಯಿಲ್ಲದ ಡೇಟಾ ಕೊಡುವುದನ್ನು ನಿಲ್ಲಿಸಿದವು. ಹಳಬರು ಹಳೆಯದರಲ್ಲೇ ಇರಬಹುದಾಗಿತ್ತು. ಮೂರನೆಯ ತಲೆಮಾರಿನ ಜಾಲ ನಿಧಾನವಾದುದು. ಬಳಸುವವನು ತಾನಾಗಿಯೇ ಮಿತಿಯಲ್ಲಿರುತ್ತಿದ್ದನು. ನಾಲ್ಕನೆಯದು ಬಂದಾಗ ವೇಗ ಹೆಚ್ಚಿತು, ಬಳಕೆಯೂ ಹೆಚ್ಚಿತು. ಒಂದು ಗೋಪುರದ ಅಲೆಗಳನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕಲ್ಲವೆ? ಅದು ನ್ಯಾಯವೇ. ಆದರೂ ದಾರಿ ಕಿರಿದಾಗಿದ್ದಾಗ ಎಷ್ಟು ಬೇಕಾದರೂ ನಡೆಯಿರೆಂದವರು, ಅಗಲವಾದೊಡನೆ ಸುಂಕದ ಕಟ್ಟೆ ಕಟ್ಟಿದರು.

2013ರಲ್ಲಿ ನನ್ನ ಫೋನು ಬಿದ್ದು ಒಡೆಯಿತು. ಹೊಸ ಜಾಲದ ಫೋನು, ಎರಡು ವರ್ಷದ ಕರಾರಿಗೆ ಸಹಿ ಹಾಕಿದರೆ 200 ಡಾಲರು. ಆದರೆ ಹಳೆಯ ಯೋಜನೆಯನ್ನು ಬಿಡಬೇಕು. ಅದನ್ನು ಉಳಿಸಿಕೊಳ್ಳಬೇಕಾದರೆ ಪೂರ್ಣ ಬೆಲೆ, 600ಕ್ಕೂ ಮೇಲೆ. ಆ ತಿಂಗಳು ಮನೆಯ ಹೆಂಚು ತೆಗೆಸಿ ಹೊದಿಸಲು ಊರಿಗೆ ಹಣ ಕಳುಹಿಸಿದ್ದೆ. ಸಹಿ ಹಾಕಿದೆ. ಇನ್ನು ತಿಂಗಳಿಗೆ 2 ಜಿಬಿ. ಮುಖ ನೋಡುತ್ತ ಒಂದು ಗಂಟೆ ಮಾತನಾಡಿದರೆ ಸುಮಾರು ಕಾಲು ಜಿಬಿ. ಎಂಟು ರಾತ್ರಿಗೆ ತಿಂಗಳು ಮುಗಿಯಿತು.

ಅಮ್ಮನಿಗೆ ವಿಷಯ ತಿಳಿಸಿದೆ. ಅವಳು ಏನೂ ಬೇಸರಪಡಲಿಲ್ಲ. ಮರುದಿನ ಮೊರ ಕೆಳಗಿಟ್ಟು, ಸೆರಗು ಸರಿಪಡಿಸಿಕೊಂಡು, ಮಳೆ, ಮಗು, ಮೊಣಕಾಲು ನೋವು ಎಂದು ಕ್ರಮವಾಗಿ ಹೇಳಿ, "ದುಡ್ಡು ಓಡ್ತದೆ, ಇಡು" ಎಂದಳು.

ಪೈಪೋಟಿಯಿಂದಾಗಿ 2017ರಲ್ಲಿ ಆ ಎರಡು ಕಂಪನಿಗಳೂ ಮಿತಿಯಿಲ್ಲದ ಯೋಜನೆಗಳನ್ನು ಮತ್ತೆ ಎಲ್ಲರಿಗೂ ಮಾರತೊಡಗಿದವು. ನಾನು ಕೂಡಲೇ ಕೊಂಡೆ. ಅಮ್ಮನ ಕೈಯಲ್ಲಿಯೂ ಈಗ ಫೋನಿದೆ. "ಈಗ ಲೆಕ್ಕವಿಲ್ಲಮ್ಮ" ಎಂದರೆ, "ಆಗಲೂ ಹಾಗೇ ಅಂದಿದ್ದೆಯಲ್ಲ" ಎಂದು ನಗುತ್ತಾಳೆ. ಉಳಿಸಿದ ನಾನೂರು ಡಾಲರು ಯಾವುದಕ್ಕೆ ಖರ್ಚಾಯಿತೋ ನೆನಪಿಲ್ಲ.

ನಿನ್ನೆಯೂ ಕರೆದಿದ್ದೆ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಬೇಕೆಂದಿದ್ದೆ. ಕೇಳುವ ಮೊದಲೇ, "ಇಡಲೇನೇ ಪುಟ್ಟೀ?" ಎಂದಳು. ಪರದೆಯ ಮೇಲೆ ನೋಡಿದೆ: ಮೂರು ನಿಮಿಷ, ಹನ್ನೊಂದು ಸೆಕೆಂಡು.